ವೇಗದ ಕಾರ್ಡು, ಒಣ ರಸ್ತೆ

ನಮ್ಮ ಮನೆಯ ಕಂಪ್ಯೂಟರ್ ಪೆಟ್ಟಿಗೆಗೆ ಪಕ್ಕದ ತಗಡು ಇರಲಿಲ್ಲ ಎಂದರೆ ತಪ್ಪಾದೀತು; ಇತ್ತು, ಆದರೆ ಅದರ ಮೇಲೆ ಅಮ್ಮ ತಾರಸಿಯಲ್ಲಿ ಕೊಬ್ಬರಿ ಹೋಳು ಒಣಗಿಸುತ್ತಿದ್ದಳು. ಅರಸೀಕೆರೆಯ ಸೆಕೆಗೆ ಯಂತ್ರವೂ ಬೆವರೀತೆಂದು ಬಿಚ್ಚಿಟ್ಟ ತಗಡು ಹೀಗೆ ಉದ್ಯೋಗ ಬದಲಿಸಿಕೊಂಡಿತ್ತು. ಹೊಟ್ಟೆ ತೆರೆದುಕೊಂಡೇ ಬದುಕುತ್ತಿದ್ದ ಆ ಯಂತ್ರದಿಂದ ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಆಟದ ಚಿತ್ರಗಳನ್ನು ಪರದೆಗೆ ಬರೆದುಕೊಡುವ ಹಸಿರು ಹಲಗೆಯನ್ನು, ಕೀಳುವುದೂ ಕೂರಿಸುವುದೂ ಸುಲಭ. ಆದ್ದರಿಂದಲೇ ಒಂದು ಶನಿವಾರ ನಮ್ಮ ಮನೆ ನ್ಯಾಯಾಲಯವಾಯಿತು.

ಕಕ್ಷಿದಾರ ಚಂದ್ರು, ಅಮ್ಮನ ಕಡೆಯ ನೆಂಟ. ಗಂಡಸಿ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಆಟದ ಅಂಗಡಿ ತೆರೆಯಲು ಹೊರಟಿದ್ದ. ಅಲ್ಲಿನ ಎಲ್ಲ ಯಂತ್ರಗಳಿಗೂ ಒಂದೇ ಜಾತಿಯ ಕಾರ್ಡು ತರಿಸಬೇಕು. ಆಮೇಲೆ ಬದಲಿಸುವ ಶಕ್ತಿ ಅವನಿಗಿಲ್ಲ, ಹುಡುಗರು ಬಾರದಿದ್ದರೆ ಅಂಗಡಿಯೂ ಇಲ್ಲ. ನನ್ನ ಹತ್ತಿರ ಒಂದು ಕಾರ್ಡಿತ್ತು. ಹಳೇಬೀಡಿನ ಸಹಪಾಠಿ, ಚರ್ಚಾಸ್ಪರ್ಧೆಗಳಲ್ಲಿ ನನ್ನ ಕಾಯಂ ಎದುರಾಳಿ ಪದ್ಮರಾಜ ಇನ್ನೊಂದು ಕಂಪನಿಯದನ್ನು ತಂದ.

“ನೋಡಿದ್ರೇ ಗೊತ್ತಾಗುತ್ತೆ ಕಣೇ, ನಂದೇ ಚೆನ್ನಾಗಿದೆ” ಎಂದ.

‘ಚೆನ್ನಾಗಿದೆ’ ಎಂಬುದನ್ನು ನಾನು ಎಂದೂ ಸಾಕ್ಷಿಯಾಗಿ ಒಪ್ಪಿದವಳಲ್ಲ. ಕಣ್ಣು ತನ್ನದನ್ನೇ ಮೆಚ್ಚುತ್ತದೆ. ಅಂಕಿಗೆ ಆ ಮಮಕಾರವಿಲ್ಲ. ಕಾರು ಓಡಿಸುವ ಒಂದು ಆಟ; ಎರಡು ಕಾರ್ಡಿಗೂ ಅದೇ ಕಾರು, ಅದೇ ಘಾಟಿ, ಅದೇ ತಿರುವು. ಸೆಕೆಂಡಿಗೆ ಎಷ್ಟು ಚಿತ್ರ ಮೂಡಿತೆಂದು ಪರದೆಯ ಮೂಲೆಯಲ್ಲಿ ಕಾಣುವ ಅಂಕಿಯೇ ತೀರ್ಪು ಎಂದು ನಿಯಮ ಮಾಡಿದೆ. ಅವನ ಕಾರ್ಡು ತಿರುವಿನಲ್ಲಿ ಏದುಸಿರು ಬಿಟ್ಟಿತು. ನನ್ನದು ಎಣ್ಣೆ ಹಚ್ಚಿದಂತೆ ಜಾರಿತು. ಅಂಕಿ ಹೆಚ್ಚುಕಡಿಮೆ ಇಮ್ಮಡಿ. ಕಾರ್ಡು ತರಿಸಲು ಚಂದ್ರು ಫೋನಿನತ್ತ ಎದ್ದೇಬಿಟ್ಟ.

“ತಡಿಯಪ್ಪ. ಕಾರಿನ ವೈಪರ್ ಯಾಕೆ ಆಡ್ತಿದೆ?” ಎಂದ ಪದ್ಮರಾಜ.

ಅವನ ಕಾರ್ಡಿನಲ್ಲಿ ಘಾಟಿಯ ತುಂಬ ಮಳೆ ಸುರಿದಿತ್ತು. ನನ್ನದರಲ್ಲಿ ಒಂದು ಹನಿಯಿಲ್ಲ. ವೈಪರು ಮಾತ್ರ ಇಲ್ಲದ ನೀರನ್ನು ನಿಷ್ಠೆಯಿಂದ ಒರೆಸುತ್ತಿತ್ತು. ಮಳೆ ಬರೆಯುವ ವಿದ್ಯೆಯೇ ನನ್ನ ಕಾರ್ಡಿಗೆ ಗೊತ್ತಿರಲಿಲ್ಲ. ಅಂಕಿಯನ್ನೇ ನೋಡುತ್ತಿದ್ದ ನಾವು ರಸ್ತೆಯನ್ನು ನೋಡಿರಲೇ ಇಲ್ಲ.

“ಅರ್ಧ ಪ್ರಶ್ನೆ ಬಿಟ್ಟು ಎಲ್ಲರಿಗಿಂತ ಮೊದ್ಲು ಪೇಪರ್ ಕೊಟ್ಟು ಬಂದೋಳ ಹಾಗಾಯ್ತು ಕಣೇ” ಎಂದ ಪದ್ಮರಾಜ.

ಬೇಲೂರು, ಹಳೇಬೀಡು ಎರಡನ್ನೂ ಊಟದ ಹೊತ್ತಿನೊಳಗೆ ಮುಗಿಸಿಬಿಡುವ ಪ್ರವಾಸಿ ಬಸ್ಸುಗಳನ್ನು ನೀವೂ ಕಂಡಿರುತ್ತೀರಿ. ಆ ವೇಗಕ್ಕೆ ಎಂಜಿನ್ನು ಕಾರಣವಲ್ಲ, ನೋಡದೆ ಬಿಟ್ಟ ಕಲ್ಲುಗಳು ಕಾರಣ. ಗಂಟೆ ಬಾರಿಸುವ ಮುನ್ನ ವಾದಗಳನ್ನು ಸರಸರ ಉದುರಿಸಿ ನಾನು ಗೆದ್ದ ಫಲಕಗಳ ಹಿಂದೆಯೂ ಎಷ್ಟು ಮಳೆ ಸುರಿಯದೆ ಉಳಿದಿದೆಯೋ, ಲೆಕ್ಕ ಇಟ್ಟವರಾರು?

ಆದರೂ ಸುಮ್ಮನಾಗುವ ಪೈಕಿ ನಾನಲ್ಲ. “ಆಡೋರಿಗೆ ಬೇಕಿರೋದು ವೇಗ ಕಣೋ ಚಂದ್ರು. ಮಳೆ ಇಟ್ಕೊಂಡು ಏನ್ಮಾಡ್ತಾರೆ?” ಎಂದೆ.

ಪದ್ಮರಾಜ ತನ್ನ ಕಾರ್ಡನ್ನು ಮತ್ತೆ ಕೂರಿಸಿದ. ತಿರುವಿನಲ್ಲಿ ಮುಗ್ಗರಿಸುತ್ತ ಮುಗ್ಗರಿಸುತ್ತ ಮಳೆ ಬಂತು. ಚಂದ್ರು ಬಹಳ ಹೊತ್ತು ನೋಡಿದ.

“ಒಣಗಿರೋ ರಸ್ತೆ ನಮ್ಮ ಗಂಡಸೀಲಿ ಬಿಟ್ಟಿ ಸಿಗ್ತೈತೆ ಕಣಕ್ಕ. ಕಾಸು ಕೊಟ್ಟು ಒಳಗ್ ಬರೋರಿಗೆ ಮಳೆ ಬ್ಯಾಡ್ವಾ?”

ಮರುಸುತ್ತಿನ ವಾದ ನನ್ನ ನಾಲಗೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಅವನು ಫೋನಿನಲ್ಲಿ ಪದ್ಮರಾಜನ ಕಾರ್ಡಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದ್ದ.