ಒಂಟೆಯ ಮೇಲಿನ ಹೆಂಗಸು

ಅಗಸೆ ಎಣ್ಣೆಯ ವಾಸನೆ ಎಲ್ಲಿಂದಲೋ ತೇಲಿ ಬಂದರೆ ನನಗೆ ಇಂದಿಗೂ ದಾಂಡೇಲಿಯ ಗಿರಣಿ ಚಾಳು ಕಣ್ಣಿಗೆ ಕಟ್ಟುತ್ತದೆ. ನಮ್ಮ ಗೋಡೆಗೆ ಹತ್ತಿದ ಮನೆ ರೋಸಾಲಿನ್ ಬಾಯಿಯವರದು. ಗೋವೆಯ ತವರಿನಿಂದ ಅವರು ತಂದ ಹಳೆಯ ತೈಲಚಿತ್ರವೊಂದು ಅವರ ನಡುಮನೆಯ ಗೋಡೆಯನ್ನೆಲ್ಲ ತುಂಬಿತ್ತು. ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಅವರು ಅದನ್ನು ಮೆಲ್ಲಗೆ ಒರೆಸುವಾಗ ಕತ್ತಲೆಯೊಳಗಿನಿಂದ ಒಂದೊಂದೇ ಜೀವ ಹೊರಗೆ ಬರುತ್ತಿತ್ತು: ಕುರಿಗಳು, ಹೆಗಲ ಮೇಲೆ ಕೂಸು ಹೊತ್ತ ಆಳು, ಹೊರಳಿ ಹಿಂದೆ ನೋಡುವ ಗಡ್ಡದ ಯಜಮಾನ, ಬೈಬಲ್ಲಿನ ಯಾಕೋಬ, ಒಂಟೆಯ ಮೇಲೆ ಅವನ ಹೆಂಡತಿ ರಾಹೇಲ. ಬೆಳಕೆಲ್ಲ ಅವಳ ಮುಖದ ಮೇಲೇ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಯಿಯ ಮನೆಯ ಚಹಾ ಕುಡಿಯದಿದ್ದರೂ ದಿನವೂ ಆ ಚಿತ್ರದ ಮುಂದೆ ಕೂಡುತ್ತಿದ್ದಳು. ಒಂದು ದಿನ ಕಣ್ಣು ಕಿರಿದು ಮಾಡಿ, "ಈಕಿ ಕುಂತ ರೀತಿ ಬರೋಬರಿ ಇಲ್ಲ. ಬುಡಕ ಏನೋ ಮುಚ್ಚಿಟ್ಟಾಳ," ಅಂದಳು.

ಬಾಯಿ ನಕ್ಕರು. "ಖರೇ ಹಿಡದ್ರಿ ನೋಡ್ರಿ ಆಯಿ. ಗಂಡನ ಜೋಡಿ ಊರು ಬಿಡುವಾಗ ಅಪ್ಪನ ಮನಿ ದೇವರನ್ನ ಕದ್ದು ತಂದಾಳ. ಅಪ್ಪ ಬೆನ್ನ ಹತ್ತಿ ಬಂದು ಹುಡುಕಿದ್ರೂ ಸಿಗಲಿಲ್ಲ."

ಆಯಿ ನಗಲಿಲ್ಲ. ಮನೆಗೆ ಬಂದವಳೇ ಅವ್ವನಿಗೆ, "ಕಳ್ಳಿ ಚಿತ್ರ ಯಾರರ ಗ್ವಾಡಿಗೆ ಹಾಕ್ತಾರೇನ? ಅದರ ಹಿಂದ ಬಂಗಾರ ಐತಿ," ಅಂದಳು. ಗೋವೆಯಿಂದ ಕಳ್ಳಬಂಗಾರ ಬರುತ್ತದೆಂಬ ಗುಸುಗುಸು ಆಗ ಎಲ್ಲೆಡೆ ಇತ್ತು. ಚಾಳಿನಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಪಿಸುಮಾತಿಗೆ ಗೋಡೆ ಅಡ್ಡ ಬರುವುದಿಲ್ಲ. ನಳದ ಹತ್ತಿರ ಬಾಯಿಯನ್ನು ಕಂಡೊಡನೆ ಹೆಂಗಸರು ಮಾತು ನಿಲ್ಲಿಸತೊಡಗಿದರು.

ಒಂದು ಮಧ್ಯಾಹ್ನ ಹಳಿಯಾಳದ ಕಡೆಯಿಂದ ಜೀಪು ಬಂತು. ಕಳ್ಳಬಂಗಾರ ಹುಡುಕಿಕೊಂಡು ಬಂದ ಅಧಿಕಾರಿಗಳು ಬಾಯಿಯ ಮನೆಯ ಚಿತ್ರ ಇಳಿಸಿ, ಚೌಕಟ್ಟು ಬಿಚ್ಚಿದರು. ಸಿಕ್ಕಿದ್ದು ಧೂಳು. ಒಬ್ಬನ ಬೂಟು ತಾಗಿ ಒಂಟೆಯ ಕಾಲಿನ ಹತ್ತಿರ ಚಿತ್ರ ಸೀಳಿತು. ಬಾಯಿ ಆ ಸೀಳಿನ ಮೇಲೆ ಅಂಗೈ ಇಟ್ಟು, ಬಾಗಿಲಲ್ಲಿ ನೆರೆದ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆ ನೋಟ ಆಯಿಯ ಮೇಲೆ ಬಹಳ ಹೊತ್ತು ನಿಂತಿತು.

"ನಾ ಹೇಳಿಲ್ಲ ತಂಗಿ," ಅಂದಳು ಆಯಿ. ಯಾರೂ ಅವಳನ್ನು ಕೇಳಿರಲಿಲ್ಲ.

ಕೆಲವೇ ದಿನಗಳಲ್ಲಿ ಬಾಯಿಯ ಕುಟುಂಬ ಸೂಪಾದ ಕಡೆಗೆ ಹೊರಟಿತು. ಕೌದಿ ಸುತ್ತಿದ ಚಿತ್ರ ಚಕ್ಕಡಿ ಏರಿತು. ಆಯಿ ರೊಟ್ಟಿಯ ಬುತ್ತಿ ಹಿಡಿದುಕೊಂಡು ಓಡಿದಳು. ಬಾಯಿ ಬೇಡವೆನ್ನಲಿಲ್ಲ, ಗಂಟು ಬಿಚ್ಚಿ, ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಮತ್ತೆ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡರು. ಆಯಿ ಅದನ್ನೆಲ್ಲ ನೋಡುತ್ತ ಬಿಸಿಲಲ್ಲಿ ನಿಂತಿದ್ದಳು.

ಈಗ ಆ ಚಾಳೂ ಇಲ್ಲ, ಆಯಿಯೂ ಇಲ್ಲ. ಅಧಿಕಾರಿಗಳಿಗೆ ಹೇಳಿದವರು ಯಾರೆಂದು ನಾನು ಕೇಳಿದಾಗಲೆಲ್ಲ ಅವ್ವ, "ಹೋದವರ ಸುದ್ದಿ ಈಗ್ಯಾಕವ್ವಾ," ಎಂದು ಮುಖ ತಿರುಗಿಸುತ್ತಿದ್ದಳು.