ಒಂಬತ್ತು ಗಂಟೆಯ ನೀರು

ನಾನು ಬಸ್ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆಗೆ, ಮತ್ತೆ ವಾಪಸ್. ಬಾಯಿ ಜೋರು, ನಾನೇ ಒಪ್ಪಿಕೊಳ್ಳುತ್ತೇನೆ. ಬಾಗಿಲಲ್ಲಿ ಜೋತುಬಿದ್ದ ಗಂಡಸರು "ಏ, ಅಕ್ಕಾರ ಬಂದ್ರಪಾ, ಒಳಗ ಸರೀರಿ" ಎಂದು ತಾವಾಗಿಯೇ ಸರಿಯುತ್ತಾರೆ. ಮನೆಯಲ್ಲೂ ನನ್ನದು ಅದೇ ದರ್ಬಾರು. ಹದಿನೆಂಟು ತುಂಬಿದ ಒಬ್ಬಳೇ ಮಗಳು, ಯಾರ ಮನೆಯಲ್ಲಾದರೂ ಚಹಾ ಕೊಟ್ಟರೆ ಮೊದಲು ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಅಂದ ಮೇಲೆಯೇ ಕಪ್ಪಿಗೆ ಕೈ ಹಾಕುವುದು. ಎಷ್ಟು ಚೆನ್ನಾಗಿ ಬೆಳೆಸಿದ್ದೇನೆ ಎಂದು ಬೀಗುತ್ತಿದ್ದೆ.

ಚಿಕ್ಕಂದಿನಿಂದ ಅವಳ ಬಲಗಿವಿ ಸೋರುತ್ತಿತ್ತು. ಹತ್ತಿ ತುರುಕಿಕೊಂಡೇ ಸಾಲಿ ಮುಗಿಸಿ ಕಾಲೇಜಿಗೆ ಬಂದಳು. ಕಡೆಗೆ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಆಪರೇಷನ್ ನಿಗದಿಯಾಯಿತು. ಪೂರ್ತಿ ಅರವಳಿಕೆ ಕೊಟ್ಟು ಮಾಡುವುದರಿಂದ ಹಿಂದಿನ ರಾತ್ರಿಯಿಂದ ಹನಿ ನೀರೂ ಕೂಡದು ಎಂದರು. ನನಗೆ ಅಷ್ಟು ಹೇಳಿದರೆ ಸಾಕು. ಅದರ ಹಿಂದಿನ ವಾರವೇ ಬಸ್ಸಿನಲ್ಲಿ ಒಬ್ಬಾಕೆ ಹೇಳುತ್ತಿದ್ದಳು: ಯಾರಿಗೋ ಕದ್ದು ಚಹಾ ಕುಡಿಸಿದ್ದರಂತೆ, ಆಪರೇಷನ್ ನಡುವೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದು ಜೀವವೇ ಹೋಯಿತಂತೆ. ಟಿಕೆಟ್ ಹರಿಯುತ್ತಲೇ ಕೇಳಿಸಿಕೊಂಡ ಮಾತು ತಲೆಯಿಂದ ಇಳಿಯಲೇ ಇಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ಆಗಬೇಕಿದ್ದ ಆಪರೇಷನ್, ಅಪಘಾತದ ಕೇಸೊಂದು ಬಂದು ಮುಂದೆ ಹೋಯಿತು. ಒಂಬತ್ತಕ್ಕೆ ನರ್ಸ್ ಬಂದಳು. "ಅಕ್ಕಾರ, ನಿಮ್ದು ಒಂದು ಗಂಟೆಕ್ಕ ಆಗತೈತ್ರಿ. ಡಾಕ್ಟರು ಹೇಳ್ಯಾರ, ಈಗ ಒಂದು ಲೋಟ ನೀರು ಕುಡಸ್ರಿ. ಬರೀ ನೀರು ಮತ್ತ, ಬ್ಯಾರೆ ಏನೂ ಬ್ಯಾಡ."

ನಾನು ಲೋಟಕ್ಕೆ ನೀರು ಬಗ್ಗಿಸಿದೆ. ಮಗಳು ಎದ್ದು ಕೂತು ಕೈ ಚಾಚಿದಳು. ಕೊಡಲು ನನಗೆ ಧೈರ್ಯ ಬರಲಿಲ್ಲ.

"ಅವ್ವಾ, ನಾಲಿಗಿ ಅಂಟಾಕತ್ತೈತಿ. ಒಂದ ಗುಟುಕು ಕೊಡು."

"ಸುಮ್ನ ಮಲ್ಕೋ. ಅವರಿಗೇನು, ಹೇಳಿ ಹೊಕ್ಕಾರ. ಹೆಚ್ಚುಕಮ್ಮಿ ಆದ್ರ ಹೋಗೂದು ನನ್ನ ಮಗಳು."

ನೀರನ್ನು ಮೋರಿಗೆ ಚೆಲ್ಲಿದೆ. ನರ್ಸ್ ಮತ್ತೆ ಬಂದು "ಕುಡಿಸಿದ್ರಿ?" ಎಂದಳು. "ಕುಡಿಸೀನ್ರಿ" ಎಂದೆ. ಅವಳು ಮಗಳ ಕಡೆ ನೋಡಿದಳು. ಮಗಳು ನನ್ನ ಮುಖ ನೋಡಿ, ಹೌದೆಂದು ತಲೆಯಾಡಿಸಿದಳು. ನರ್ಸ್ ಅದನ್ನು ಕಾಗದದಲ್ಲಿ ಬರೆದುಕೊಂಡು ಹೋದಳು.

ಆಪರೇಷನ್ ಮುಗಿದಾಗ ನಾಲ್ಕಾಗಿತ್ತು. ಬಲಗಿವಿಗೆ ಪಟ್ಟಿ ಸುತ್ತಿದ್ದರು. ನನ್ನ ಗುರುತು ಹಿಡಿದಳು, ನಕ್ಕಳು. ಇಳಕಲ್ಲಿಗೆ ಫೋನ್ ಮಾಡಿ ಮನೆಯವರಿಗೆ ಎಲ್ಲ ಸುಸೂತ್ರ ಆಯಿತೆಂದು ಹೇಳಿದೆ. ಆರರ ಹೊತ್ತಿಗೆ ಅವಳ ಎಡಗೆನ್ನೆ ಯಾಕೋ ದಪ್ಪ ಕಂಡಿತು. ಮುಟ್ಟಿದೆ, ಗಟ್ಟಿಯಾಗಿತ್ತು. ಅರ್ಧ ತಾಸಿನಲ್ಲಿ ಕಿವಿಯ ಬುಡದಿಂದ ಗದ್ದದವರೆಗೆ ಊದಿ, ಕುತ್ತಿಗೆಗೂ ಇಳಿಯತೊಡಗಿತು. ಬಾಯಿ ತೆರೆಯಲು ಆಗದೆ ಹಲ್ಲು ಕಚ್ಚಿ ನರಳಿದಳು.

ನಾನು ವಾರ್ಡೇ ಎದ್ದು ನಿಲ್ಲುವ ಹಾಗೆ ಕೂಗಿದೆ. "ಕೊಯ್ದಿದ್ದು ಬಲಗಿವಿ, ಎಡಗಡೆ ಯಾಕ ಊದೈತಿ? ಏನು ಮಾಡೀರಿ ನನ್ನ ಮಗಳಿಗೆ?" ಡಾಕ್ಟರು ಓಡಿ ಬಂದರು. ಔಷಧ ಒಗ್ಗಿಲ್ಲವೇನೋ ಎಂದು ಇಂಜೆಕ್ಷನ್ ಕೊಟ್ಟರು, ಬಾವು ಇಳಿಯಲಿಲ್ಲ. ಮೂಗಿಗೆ ಆಕ್ಸಿಜನ್ ಹಚ್ಚಿದರು. ಕುತ್ತಿಗೆಯ ಬಾವು ಹೆಚ್ಚಿದರೆ ಉಸಿರಿನ ದಾರಿ ಮುಚ್ಚಬಹುದು, ಗಂಟಲಿಗೆ ಮತ್ತೆ ನಳಿಗೆ ಇಳಿಸಬೇಕಾದೀತು, ಸಹಿ ಹಾಕಿ ಎಂದರು. ದಿನಾ ನೂರು ಜನರನ್ನು ಗದರಿಸುವ ನನಗೆ ನನ್ನ ಹೆಸರು ಬರೆಯಲು ಆಗಲಿಲ್ಲ. ತುಳಸಿಗೇರಿ ಹನಮಪ್ಪಾ, ನಿನ್ನ ಗುಡಿಗೆ ನಡಕೊಂಡು ಬರ್ತೇನಿ, ಆಕಿ ಉಸಿರೊಂದು ಉಳಸಪಾ ಎಂದು ಗೋಡೆಗೆ ಹಣೆ ಹಚ್ಚಿ ಬೇಡಿಕೊಂಡೆ.

ಅಷ್ಟರಲ್ಲಿ ಅರವಳಿಕೆ ಕೊಟ್ಟಿದ್ದ ಡಾಕ್ಟರಮ್ಮ ಬಂದರು. ಕೆನ್ನೆ ಒತ್ತಿ ನೋಡಿದರು, ಹಲ್ಲಿನ ಸಂದಿಯಲ್ಲಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. "ಇದು ಜೊಲ್ಲಿನ ಗ್ರಂಥಿ ಊದಿದ್ದು. ಮಂಗನಬಾವಿನಂಗ ಕಾಣತದ, ಅದಲ್ಲ. ಅರವಳಿಕಿ ಆದಮ್ಯಾಲೆ ಭಾಳ ಅಪರೂಪಕ್ಕ ಹಿಂಗ ಆಗತದ. ಮೂರು ತಾಸು ತಲಿ ಎಡಕ್ಕ ಹೊಳ್ಳಿಸಿ ಇಟ್ಟಿದ್ವಿ. ಮೈಯಾಗಿನ ನೀರು ಆರಿದ್ರೂ ಆಗತದ." ಕಾಗದ ತಿರುವಿದರು. "ಒಂಬತ್ತಕ್ಕ ನೀರು ಕೊಟ್ಟಾರಲ್ಲ. ಹಂಗಾರ ಆರಿದ್ದಲ್ಲ. ಸೋಂಕು ಏನರ ಐತೇನು?"

ನರ್ಸ್ ಸುಳ್ಳು ಬರೆದಿದ್ದಾಳೆ ಅಂದುಬಿಡಲೇ? ಖರೆ ಹೇಳುತ್ತೇನೆ, ಆ ಮಾತು ನಾಲಿಗೆ ತುದಿಗೆ ಬಂದಿತ್ತು. ಆ ನರ್ಸ್ ಹುಡುಗಿ ಅಲ್ಲೇ ನಿಂತಿದ್ದಳು. ಮಗಳು ಒಂದು ಕಣ್ಣು ಅರ್ಧ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಕೊಟ್ಟಿಲ್ರಿ," ಎಂದೆ. "ನಾ ಸುಳ್ಳು ಹೇಳೀನಿ. ನಿನ್ನೆ ರಾತ್ರಿ ಎಂಟಕ್ಕ ಕುಡದಿದ್ದ ಕಡೀದು. ಆಕಿ ಬೇಡಿದ್ಲು, ನಾ ಮೋರಿಗೆ ಚೆಲ್ಲೀನಿ."

ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿ ಅಂತಲೂ ಅನ್ನಿಸಿತು. ಅವರು ಬಯ್ಯಲಿಲ್ಲ. ಸಲೈನ್ ಜೋರು ಬಿಡಿಸಿದರು, ಕೆನ್ನೆಗೆ ಬಿಸಿ ಶಾಖ ಕೊಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇದೊಂದರಿಂದನ ಆತು ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಆದ್ರ ಗೊತ್ತಿದ್ರ ಮುಂಜಾನೇನ ಸಲೈನ್ ಹಚ್ಚತಿದ್ವಿ" ಎಂದರು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೆಳಗಾಗುವ ತನಕ ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತೆ.

ಕುತ್ತಿಗೆಯ ಬಾವು ಮತ್ತೆ ಹೆಚ್ಚಲಿಲ್ಲ. ನಳಿಗೆ ಬೇಕಾಗಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮ ಬಂದು ಬಾಯಿ ಬೆರಳಿನಷ್ಟು ತೆರೆಯುತ್ತಿದೆ, ನಿಂಬೆಹಣ್ಣಿನ ನೀರು ಚಮಚದಲ್ಲಿ ಹಾಕಿ, ಹುಳಿಗೆ ಜೊಲ್ಲು ಸುರಿದರೆ ಗ್ರಂಥಿ ಸಡಿಲಾಗುತ್ತದೆ ಎಂದರು. ನಮ್ಮ ಮನೆಯಲ್ಲಿ ಹಸಿ ಗಾಯಕ್ಕೆ ಹುಳಿ ತಿಂದರೆ ಕೀವಾಗುತ್ತದೆ ಎಂದು ನಾನೇ ಅವಳಿಗೆ ನೂರು ಸಲ ಹೇಳಿದ್ದೆ. ಈಗ ನಾನೇ ಎದ್ದೆ. ಹೊರಗೆ ಹೋಗಿ ನಿಂಬೆಹಣ್ಣು ತಂದೆ, ಹಿಂಡಿದೆ, ಚಮಚ ತುಂಬಿ ಅವಳ ಬಾಯಿಯ ಹತ್ತಿರ ಒಯ್ದೆ.

ಡಾಕ್ಟರಮ್ಮ, ನರ್ಸ್ ಇಬ್ಬರೂ ಅಲ್ಲೇ ನಿಂತಿದ್ದರು. ಅವಳ ತುಟಿ ಒಣಗಿ ಬಿರಿದಿದ್ದವು. ಚಮಚ ತುಟಿಗೆ ತಾಗಿತು, ಅವಳು ಬಾಯಿ ತೆರೆಯಲಿಲ್ಲ. ಊದಿದ ಮುಖವನ್ನು ಕಷ್ಟಪಟ್ಟು ಹೊರಳಿಸಿ ನನ್ನ ಮುಖ ನೋಡಿದಳು.

"ಕುಡೀಲೇನವ್ವಾ?" ಎಂದು ಕೇಳಿದಳು.