ಗೌಡರ ಎಡ ಭುಜ

ನಿನ್ನೆ ಇಸ್ತ್ರಿ ಅಂಗಡಿಯ ಮುಂದೆ ಬಿಸಿಯಾದ ಒದ್ದೆ ಉಣ್ಣೆಯ ವಾಸನೆ ಬಂತು. ನಿಜಾಮರ ಕಾಲದ ಕೊಪ್ಪಳದಲ್ಲಿ ನಮ್ಮಪ್ಪನ ಹೊಲಿಗೆ ಅಂಗಡಿಯ ವಾಸನೆ ಅದು.

ಅಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ಅವನು ಹೇಳಿದ ಅಳತೆಗಳನ್ನು ಶಾಲೆಗೆ ಹೋಗುತ್ತಿದ್ದ ನಾನು ಬರೆದುಕೊಳ್ಳುತ್ತಿದ್ದೆ. ಮೈಯ ಊನಗಳನ್ನು ಮಾತ್ರ ಗಿರಾಕಿ ಹೋದ ಮೇಲೆ ಬರೆಸುತ್ತಿದ್ದ. ಕುಷ್ಟಗಿ ಕಡೆಯ ಗೌಡರೊಬ್ಬರು ಉಣ್ಣೆಯ ಓವರ್‌ಕೋಟು ಹೊಲಿಸಲು ಬಂದು ಹೋದ ಮೇಲೆ, ಎಡ ಭುಜ ಒಂದು ಬೆರಳು ಇಳಿದಿದೆ ಎಂದು ಬರೆಸಿದ. ಆ ಭುಜದೊಳಗೆ ಹತ್ತಿಯ ಪದರಗಳನ್ನಿಟ್ಟು, ಹೊರಗೆ ಕಾಣದಂಥ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿಯಿಂದ ಉಣ್ಣೆಯನ್ನು ಭುಜದ ಆಕಾರಕ್ಕೆ ಬಾಗಿಸಿದ.

ಕೋಟು ತೊಟ್ಟ ಗೌಡರು ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, ಜೊತೆಗೆ ಬಂದವರತ್ತ ನೋಡಿ ತಾವೇ ಹೇಳಿಕೊಂಡರು. "ಛಲೋ ಕುಂತೈತಿ. ಸಾಕ್ಷಾತ್ ತಾಲೂಕ್ದಾರ ಸಾಹೇಬ!"

ಅಪ್ಪನ ಕೈಗುಣ ಅವರಿಗೆ ತಿಳಿಯಲೆಂದು ನಾನು ಹೇಳಿಬಿಟ್ಟೆ. "ನಿಮ್ಮ ಎಡ ಭುಜ ಇಳದೈತ್ರಿ. ಅಪ್ಪ ಹತ್ತಿ ಇಟ್ಟು ಸಮ ಮಾಡ್ಯಾನ್ರಿ."

ಜೊತೆಗಿದ್ದವನೊಬ್ಬ ಕಿಸಕ್ಕನೆ ನಕ್ಕ. ಗೌಡರು ಕೋಟು ಬಿಚ್ಚಿ ಎಸೆದರು. "ಸಾಲಿಗೆ ಕಳಿಸಿ ಇದನ್ನೇನೋ ಕಲಿಸೀದಿ ಮಗಳಿಗೆ?"

"ತಪ್ಪಾತ್ರಿ ಗೌಡ್ರ. ನಾಳಿಂದ ಸಾಲಿ ಬಿಡಸ್ತೀನ್ರಿ," ಎನ್ನುತ್ತ ಅಪ್ಪ ಕೋಟನ್ನು ಎತ್ತಿ ಹಿಡಿದ. ಗೌಡರು ಮತ್ತೆ ತೋಳು ತೂರಿಸಿದರು.

ಅವರನ್ನು ಸಮಾಧಾನಪಡಿಸಲು ಹಾಗೆ ಹೇಳಿದ್ದಾನೆ ಅಂದುಕೊಂಡೆ. ಮರುದಿನ ಪಾಟಿ ಹಿಡಿದು ಶಾಲೆಗೆ ಹೊರಟಾಗ ಬಾಗಿಲಲ್ಲೇ ತಡೆದ. "ಗೌಡ್ರಿಗೆ ಮಾತು ಕೊಟ್ಟೀನಿ, ಒಳಗ ನಡಿಯವ್ವ."

ಇಲ್ಲಿಯವರೆಗೆ ಬರೆದದ್ದನ್ನು ಓದಿದ ಮೊಮ್ಮಗಳು, "ಮುತ್ತಜ್ಜಂದೇನು ತಪ್ಪಜ್ಜಿ, ಎಲ್ಲಾ ಆ ಗೌಡಂದ," ಎಂದಳು. ಸಾಲಿ ಬಿಡಿಸು ಎಂದು ಗೌಡರು ಕೇಳಿಯೇ ಇರಲಿಲ್ಲ.